ಆಫೀಸ್ ಬ್ಯಾಗಿನೊಳಗಿನ ತುರ್ತು ಪೌಚು: ಏನು ಇಟ್ಟೆ, ಏನು ಬಿಟ್ಟೆ

ಲ್ಯಾಪ್‌ಟಾಪು, ಚಾರ್ಜರು, ಊಟದ ಡಬ್ಬಿ, ನೀರಿನ ಬಾಟಲಿ ಸೇರಿದರೆ ಆಫೀಸ್ ಬ್ಯಾಗು ಆಗಲೇ ಭುಜ ಎಳೆಯುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಕಿಲೋ ಹೇರಿದರೆ ಆ ಹೆಚ್ಚುವರಿ ಸಾಮಾನು ಬೇಗನೆ ಮನೆಯ ಕಪಾಟು ಸೇರುತ್ತದೆ. ಹಾಗಾಗಿ ಪಟ್ಟಿ ಬರೆಯುವ ಮೊದಲು ತೂಕ ಗೊತ್ತು ಮಾಡಿಕೊಂಡೆ: ಪವರ್ ಬ್ಯಾಂಕೂ ಸೇರಿ 700 ಗ್ರಾಂ, ಎಲ್ಲವೂ ಸುಮಾರು 18×12×5 ಸೆಂ.ಮೀ.ನ ಒಂದೇ ಪೌಚಿನಲ್ಲಿ. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಬೇಕು.

ಮಾರುಕಟ್ಟೆಯ ರೆಡಿಮೇಡ್ ಕಿಟ್‌ಗಳಲ್ಲಿ ಮೀನಿನ ಗಾಳ, ದಿಕ್ಸೂಚಿ, ಬೆಂಕಿ ಹೊತ್ತಿಸುವ ಕಡ್ಡಿ ಇರುತ್ತವೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಓಡಾಡುವವರಿಗೆ ಇವು ಯಾವ ಉಪಯೋಗಕ್ಕೂ ಬಾರವು. ಇಲ್ಲಿನ ದೊಡ್ಡ ಆಪತ್ತುಗಳೆಂದರೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುವಂತಾದ ನೆರೆ, 2010ರ ಫೆಬ್ರುವರಿ 23ರಂದು ಒಂಬತ್ತು ಜನರನ್ನು ಬಲಿ ತೆಗೆದುಕೊಂಡ ಕಾರ್ಲ್‌ಟನ್ ಟವರ್ಸ್ ಕಚೇರಿ ಕಟ್ಟಡದ ಬೆಂಕಿಯಂಥವು. ದಿನನಿತ್ಯದವು ಇನ್ನೂ ಸಣ್ಣವು: ಕರೆಂಟು ಹೋದ ಮೆಟ್ಟಿಲು, ಚಾರ್ಜ್ ಮುಗಿದ ಫೋನು, ಸ್ಕೂಟರಿನಿಂದ ಬಿದ್ದವರ ರಕ್ತ ಸುರಿಯುವ ಮೊಣಕಾಲು.

ಮೊದಲ ಜಾಗ ಟಾರ್ಚಿಗೆ. ಫೋನಿನಲ್ಲೇ ಲೈಟ್ ಇದೆಯಲ್ಲ ಎಂದರೆ, ಕತ್ತಲಲ್ಲಿ ಕರೆ ಮಾಡಬೇಕಾದ ವಸ್ತುವಿನ ಬ್ಯಾಟರಿಯನ್ನೇ ಬೆಳಕಿಗೆ ಸುಡುವುದು ಜಾಣತನವಲ್ಲ. ಒಂದೇ ಎಎಎ ಸೆಲ್ಲಿನ ಬೆರಳುದ್ದದ ಎಲ್‌ಇಡಿ ಟಾರ್ಚು ಸಾಕು. ಕಡಿಮೆ ಬೆಳಕಿನ ಮೋಡ್ ಇರಲೇಬೇಕು. ಮೆಟ್ಟಿಲು ಇಳಿಯಲು ಹತ್ತು ಲ್ಯೂಮೆನ್ ಧಾರಾಳ. ಬ್ಯಾಗಿನಲ್ಲಿ ತಾನಾಗಿ ಹೊತ್ತಿಕೊಂಡು ಸೆಲ್ ಮುಗಿಯುವುದು ಇದರ ಮಾಮೂಲಿ ರೋಗ. ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಗುಂಡಿ ಒತ್ತಿದರೂ ಹೊತ್ತುವುದಿಲ್ಲ ಎಂದು ನೋಡಿಕೊಂಡು ಒಳಗಿಡಬೇಕು. ಆಲ್ಕಲೈನ್ ಸೆಲ್ ತಿಂಗಳುಗಟ್ಟಲೆ ಹಾಗೇ ಬಿದ್ದಿದ್ದರೆ ಸೋರಿ ಸ್ಪ್ರಿಂಗನ್ನು ತಿಂದುಬಿಡುತ್ತದೆ. ರೀಚಾರ್ಜ್ ಆಗದ ಲಿಥಿಯಂ ಎಎಎ ದುಬಾರಿ, ಆದರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. ನಾನು ಕಾಸು ಬಿಚ್ಚುವುದು ಇಲ್ಲಿ ಮಾತ್ರ.

ಪವರ್ ಬ್ಯಾಂಕು 10,000 ಎಂಎಎಚ್‌ನದು, ತೂಕ 200 ಗ್ರಾಂ ಆಸುಪಾಸು. ಆ ಅಂಕಿ ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ, ಅಂದರೆ 37 ವಾಟ್-ಅವರ್. 5 ವೋಲ್ಟಿಗೆ ಏರಿಸಿ ಹೊರಗೆ ಕೊಡುವಾಗ 6,000ದಿಂದ 6,500 ಎಂಎಎಚ್ ಸಿಕ್ಕರೆ ಹೆಚ್ಚು. 5,000 ಎಂಎಎಚ್ ಫೋನನ್ನು ಒಂದು ಸಲ ತುಂಬಿಸಿ ಸ್ವಲ್ಪ ಉಳಿಯುತ್ತದೆ. 20,000ದ್ದು ತೂಕದ ಮಿತಿಯ ಅರ್ಧವನ್ನೇ ನುಂಗುತ್ತದೆ, ಬೇಡ. ಕೇಬಲ್ 20-30 ಸೆಂ.ಮೀ.ನದು ಸಾಕು, ಆದರೆ ಅದು ಪೌಚಿಗೇ ಮೀಸಲು. ಆಫೀಸಿನ ಮೇಜಿಗೆ ಎರವಲು ಹೋದ ಕೇಬಲ್ ಹಿಂದಿರುಗುವುದಿಲ್ಲ.

ಪ್ರಥಮ ಚಿಕಿತ್ಸೆಯ ಭಾಗಕ್ಕೆ ಸಿಕ್ಕಾಪಟ್ಟೆ ಬ್ಯಾಂಡ್ ಏಡ್ ತುಂಬುವವರೇ ಹೆಚ್ಚು. ರಕ್ತ ನಿಲ್ಲಿಸುವುದು ಒತ್ತಡ. ಅದಕ್ಕೆ ಬೇಕಾದದ್ದು 10×10 ಸೆಂ.ಮೀ.ನ ಸ್ಟೆರೈಲ್ ಗಾಜ್ ಬಟ್ಟೆ ನಾಲ್ಕು ಪ್ಯಾಕೆಟ್, 10 ಸೆಂ.ಮೀ. ಅಗಲದ ಕ್ರೇಪ್ ಬ್ಯಾಂಡೇಜ್ ಒಂದು. ಗಾಜ್ ಬಟ್ಟೆಯನ್ನು ಗಾಯದ ಮೇಲಿಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಬೇಕು. ಎರಡು ನಿಮಿಷಕ್ಕೊಮ್ಮೆ ಎತ್ತಿ ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ನೆನೆದರೆ ಅದನ್ನು ತೆಗೆಯದೆ ಮೇಲೊಂದು ಇಟ್ಟು, ಕ್ರೇಪ್ ಸುತ್ತಬೇಕು. ಸ್ಯಾನಿಟರಿ ಪ್ಯಾಡ್ ಎರಡು ಇರಲಿ, ಅದರ ಕೆಲಸಕ್ಕೆ. ಗಾಯಕ್ಕೆ ಅದು ರಕ್ತ ಹೀರುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಕೈಗವಸು ನೈಟ್ರೈಲ್‌ನದು ಒಂದು ಜೊತೆ, ಏಕೆಂದರೆ ಲೇಟೆಕ್ಸ್ ಬಿಸಿಲಿಗೆ ಅಂಟಿಕೊಂಡು ಹರಿಯುತ್ತದೆ. ಒಂದಿಂಚಿನ ಮೈಕ್ರೋಪೋರ್ ಟೇಪ್, ಆರು ಬ್ಯಾಂಡ್ ಏಡ್, ತುದಿ ಮೊಂಡಾದ ಸಣ್ಣ ಕತ್ತರಿ. ಸಂದರ್ಭ ಬಂತೆಂದು ಹೇಳುತ್ತೇನೆ: ಅಪಘಾತಕ್ಕೊಳಗಾದವರಿಗೆ ನೆರವಾಗುವವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ, ಪೊಲೀಸ್ ಕೇಸಿನ ಹೆದರಿಕೆಯಿಂದ ದೂರ ನಿಲ್ಲಬೇಕಾಗಿಲ್ಲ.

ಮಾತ್ರೆ ಕಡಿಮೆಯಿರಲಿ. ಪ್ಯಾರಾಸಿಟಮಾಲ್ ನಾಲ್ಕು, ದಿನವೂ ನುಂಗುವ ಔಷಧವಿದ್ದರೆ ಎರಡು ದಿನದ್ದು. ಮಾತ್ರೆಯ ಸ್ಟ್ರಿಪ್ಪನ್ನು ಕತ್ತರಿಸುವಾಗ ಹೆಸರು ಮತ್ತು ಎಕ್ಸ್‌ಪೈರಿ ದಿನಾಂಕ ಅಚ್ಚಾದ ತುದಿಯನ್ನು ಇಟ್ಟುಕೊಳ್ಳಬೇಕು. ಓಆರ್‌ಎಸ್ ವಿಷಯದಲ್ಲಿ ಅಳತೆ ತಪ್ಪುವುದು ಸುಲಭ. 20.5 ಗ್ರಾಂನ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ. ಅದನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಇಮ್ಮಡಿಯಾಗಿ ಕೆಡುಕಾಗುತ್ತದೆ. 200 ಮಿ.ಲೀ.ಗೆ ಎಂದು ಬರೆದಿರುವ ಸಣ್ಣ ಸ್ಯಾಶೆ ಎರಡು ಒಯ್ದರೆ ಬಾಟಲಿಯಲ್ಲಿ 400 ಮಿ.ಲೀ. ನೀರಿಗೆ ಎರಡನ್ನೂ ಹಾಕಬಹುದು.

ಚಾಕು ಇಡುವುದಿಲ್ಲ. ಮೆಟ್ರೋ ತಪಾಸಣೆಯಲ್ಲಿ ವಾದ ಮಾಡಿ ರೈಲು ತಪ್ಪಿಸಿಕೊಳ್ಳುವುದಕ್ಕಿಂತ ಕತ್ತರಿಯೇ ಮೇಲು. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಒಂದು ಜೀವ ಹೋದ ಮೇಲೆ ಗಾಜು ಒಡೆಯುವ ಸಾಧನವೂ ಬೇಕೇ ಎಂಬ ಪ್ರಶ್ನೆ ಸಹಜ. ದಿನವೂ ಕ್ಯಾಬಿನಲ್ಲಿ ಹೋಗುವವರು ಇಟ್ಟುಕೊಳ್ಳಲಿ, ಆದರೆ ಸುತ್ತಿಗೆಯಂಥದ್ದಲ್ಲ: ನೀರಿನೊಳಗೆ ಕೈ ಬೀಸಲು ಬಲ ಸಿಗದು. ಒತ್ತಿದರೆ ಸಿಡಿಯುವ ಸ್ಪ್ರಿಂಗ್ ಪಂಚ್ ಆಗಬೇಕು, ಅದನ್ನು ಪಕ್ಕದ ಗಾಜಿನ ಮೂಲೆಗೆ ಒತ್ತಬೇಕು. ಮುಂದಿನ ಗಾಜು ಲ್ಯಾಮಿನೇಟೆಡ್, ಬಿರುಕು ಬಿಡುತ್ತದೆ, ಪುಡಿಯಾಗುವುದಿಲ್ಲ.

ಎನ್95 ಮಾಸ್ಕ್ ಒಂದು ದೂಳಿಗೆಂದು ಇದೆ. ಬೆಂಕಿಯ ಹೊಗೆಯಲ್ಲಿ ಅದನ್ನು ನಂಬಿ ನಡೆಯಬಾರದು. ಕಾರ್ಬನ್ ಮೊನಾಕ್ಸೈಡನ್ನು ಅದು ತಡೆಯುವುದಿಲ್ಲ. ಅಂಥ ಹೊತ್ತಿಗೆ ಬೇಕಾದದ್ದು ಟಾರ್ಚು, ಸೀಟಿ, ಕೆಲಸದ ಮಹಡಿಯಿಂದ ಎರಡೂ ಮೆಟ್ಟಿಲು ಯಾವ ಬಾಗಿಲಿಗೆ ಇಳಿಯುತ್ತವೆ ಎಂಬ ತಿಳಿವು. ಸೀಟಿ ಒಳಗೆ ಗುಂಡಿಲ್ಲದ್ದು ಇರಲಿ, ನೆನೆದರೂ ಊದುತ್ತದೆ. ಮೂರು ಸಲ ಊದಿ ನಿಲ್ಲಿಸಿ, ಮತ್ತೆ ಮೂರು ಸಲ.

ಮಳೆಗೆ ದಪ್ಪನೆಯ ದೊಡ್ಡ ಕಸದ ಚೀಲವೊಂದು, ಲ್ಯಾಪ್‌ಟಾಪಿಗಾಗಿ. ತಲೆ ತೂರಿಸಿ ಹಾಕುವ ತೆಳು ಮಳೆಗವಸು, ಅಂದರೆ ಪಾಂಚೋ, ನಡೆಯುವವರಿಗೆ ಸರಿ. ಬೈಕಿನಲ್ಲಿ ಅದರ ಅಂಚು ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಹಳೇ ಎಟಿಎಂ ಕಾರ್ಡಿಗೆ ಸುತ್ತಿದ ಒಂದು ಮೀಟರ್ ಡಕ್ಟ್ ಟೇಪ್, ಚಪ್ಪಲಿಯ ಉಂಗುಷ್ಟ ಕಿತ್ತರೆಂದು ದೊಡ್ಡ ಪಿನ್ನು ನಾಲ್ಕು, ಕಡಲೆ ಚಿಕ್ಕಿ ಎರಡು. ಚಾಕೊಲೇಟ್ ಕರಗುತ್ತದೆ, ಬಿಸ್ಕತ್ತು ಪುಡಿಯಾಗುತ್ತದೆ. ಚಿಕ್ಕಿಯೂ ಕೆಲವು ವಾರಗಳಲ್ಲಿ ಕಮಟು ಹಿಡಿಯುವುದರಿಂದ ತಿಂದು ಬದಲಿಸುತ್ತಿರಬೇಕು.

ನೆಟ್‌ವರ್ಕ್ ಸತ್ತರೆ ಯುಪಿಐ ಕೂಡ ಸತ್ತಂತೆ. ₹100ರ ನೋಟು ಮೂರು, ₹50ರದು ಎರಡು, ₹10ರವು ಒಂದಷ್ಟು. ₹500ಕ್ಕೆ ಆಟೋದವರ ಹತ್ತಿರ ಚಿಲ್ಲರೆ ಇರುವುದಿಲ್ಲ. ಜೊತೆಗೆ ಒಂದು ಚೀಟಿಯಲ್ಲಿ ಮನೆಯ ಎರಡು ನಂಬರು, ರಕ್ತದ ಗುಂಪು, ಅಲರ್ಜಿ, ತುರ್ತು ಕರೆಯ 112. ಬರೆಯಲು ಬಾಲ್‌ಪೆನ್, ಏಕೆಂದರೆ ಜೆಲ್ ಶಾಯಿ ನೀರಿಗೆ ಹರಡುತ್ತದೆ.

ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಎಲ್ಲವನ್ನೂ ಮೇಜಿನ ಮೇಲೆ ಸುರಿದು ದಿನಾಂಕ ನೋಡುತ್ತೇನೆ. ಪವರ್ ಬ್ಯಾಂಕಿಗೆ ಮಾತ್ರ ಮೂರು ತಿಂಗಳಿಗೊಮ್ಮೆ ಚಾರ್ಜ್. ಅದರ ಬದಿ ಉಬ್ಬಿದ್ದು ಕಂಡರೆ ಮತ್ತೆ ಚಾರ್ಜಿಗೆ ಹಾಕಬಾರದು, ಮನೆಯ ಕಸಕ್ಕೂ ಎಸೆಯಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಬೇಕು.