ಕಡಲಾಮೆ ಕಂಡರೆ ಬೆನ್ನಟ್ಟಬೇಡಿ, ಪಕ್ಕದಲ್ಲಿ ತೇಲಿ

ಲಕ್ಷದ್ವೀಪದ ಅಗತ್ತಿ ದ್ವೀಪದ, ಹವಳದ ದಿಬ್ಬ ಸುತ್ತುವರಿದ ಆಳವಿಲ್ಲದ ಲಗೂನ್‌ನಲ್ಲಿ ಗೈಡ್ ಜೊತೆ ಮುಖವಾಡ, ಉಸಿರುಕೊಳವೆ ತೊಟ್ಟು ಸ್ನಾರ್ಕೆಲಿಂಗ್‌ಗೆ ಇಳಿದಾಗ ಆಮೆ ಕಂಡರೆ ಅದರ ನೆತ್ತಿಯ ಮೇಲೆ ಹೋಗಬೇಡಿ. ನಾಲ್ಕೈದು ಮೀಟರ್ ದೂರದಲ್ಲಿ, ಅದಕ್ಕೆ ಕಾಣುವಂತೆ, ಒಂದು ಪಕ್ಕದಲ್ಲಿ ಕಾಲಿನ ಫಿನ್ (ಈಜುರೆಕ್ಕೆ) ಆಡಿಸದೆ ತೇಲುತ್ತಿರಿ. ಅಲ್ಲಿ ಕಡಲಹುಲ್ಲು ಮೇಯುವ ಹಸಿರು ಕಡಲಾಮೆ ಉಸಿರಿಗಾಗಿ ಮೇಲೆ ಬರಲೇಬೇಕು. ದಾರಿ ಖಾಲಿಯಿದ್ದರೆ ನಿಮ್ಮ ಹತ್ತಿರವೇ ಎದ್ದು, ಉಸಿರೆಳೆದು, ಮತ್ತೆ ಮೇಯಲು ಇಳಿಯುತ್ತದೆ. ಗುಂಪಿನವರೆಲ್ಲ ಒಂದೇ ಪಕ್ಕದಲ್ಲಿರುವುದು ಮುಖ್ಯ. ಸುತ್ತುವರಿದರೆ ಗಾಬರಿಯಾಗಿ ಓಡುತ್ತದೆ. ಮುಟ್ಟುವುದಂತೂ ಬೇಡವೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆ ಕೊಟ್ಟಿದೆ. ಹವಳದ ಬಂಡೆಯಡಿ ಮಲಗಿದ ಆಮೆಗೆ ಈ ಉಪಾಯ ನಡೆಯದು, ಅದು ಬಹಳ ಹೊತ್ತು ಏಳುವುದಿಲ್ಲ. ನೀರಿನ ಸೆಳೆತ ಜೋರಿದ್ದರೂ ಅಷ್ಟೆ: ಇದ್ದಲ್ಲೇ ತೇಲಲು ಆಗದು, ಗೈಡ್ ಕರೆದ ಕೂಡಲೇ ದೋಣಿಗೆ ಮರಳಿ.