ಉಬ್ಬು ತಗ್ಗಿನ ಪ್ಯಾನಲ್ ಮೇಲೆ ಒಂದೇ ಆಳದ ಕೆತ್ತನೆ: ನನ್ನ ಅನುಭವ

ಕೆತ್ತನೆ ಮೆಷಿನ್‌ನ ಸ್ಪಿಂಡಲ್ (ಬಿಟ್ ಅಂದರೆ ಕೆತ್ತುವ ಮೊನೆಯನ್ನು ತಿರುಗಿಸುವ ಮೋಟಾರ್) ಸ್ಪ್ರಿಂಗ್ ಕೊಟ್ಟು ಮೇಲೆಕೆಳಗೆ ಆಡುವಂತೆ ಬಿಡಲು ಹೊರಟಾಗ, "ಹೈಟ್ ಮ್ಯಾಪ್ ಇರುವಾಗ ಸ್ಪಿಂಡಲ್ ತೇಲಿಸೋದು ಯಾಕೆ? ಸಡಿಲ ಬಿಟ್ಟರೆ ಅಕ್ಷರ ಅಲುಗುತ್ತೆ" ಅಂತ ಕೇಳಿದವರೆಲ್ಲ ಹೇಳಿದರು. ಹೈಟ್ ಮ್ಯಾಪ್ ಅಂದರೆ ಪ್ಯಾನಲ್‌ನ ಏರಿಳಿತವನ್ನು ಮೊದಲೇ ಬಿಂದು ಬಿಂದುವಾಗಿ ಅಳೆದು, ಅದಕ್ಕೆ ತಕ್ಕಂತೆ ಬಿಟ್ ಏರಿಸಿ ಇಳಿಸುವುದು. ಈಗ 40 ಪ್ಯಾನಲ್ ಸಾಲಾಗಿ ಕೆತ್ತಿ ಮುಗಿಸಿದ್ದೇನೆ. ಒಂದೂ ಹಾಳಾಗಲಿಲ್ಲ.

ನನ್ನದು 3018 ಅನ್ನುವ ಸಣ್ಣ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್, ಅದನ್ನು ನಡೆಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್, 60 ಡಿಗ್ರಿಯ ಚೂಪು ವಿ ಬಿಟ್, ತುದಿ 0.1 ಮಿ.ಮೀ. (ಮುಂದಿನ ಅಳತೆಗಳೂ ಮಿ.ಮೀ.ನಲ್ಲೇ). ಕೆಲಸ 1.5 ಮಿ.ಮೀ. ಅಲ್ಯೂಮಿನಿಯಂ ಪ್ಯಾನಲ್ ಮೇಲೆ ಸಣ್ಣ ಅಕ್ಷರ. ಶೀಟ್ ಕತ್ತರಿಸಿದ ಕಡೆ ಅಂಚು ಬಾಗಿರುತ್ತದೆ, ನಡುವೆ ಉಬ್ಬಿರುತ್ತದೆ. ಡಯಲ್ ಗೇಜ್ ಇಟ್ಟರೆ ಮೂಲೆಗೂ ನಡುವಿಗೂ ಸುಮಾರು 0.4 ವ್ಯತ್ಯಾಸ. ನನಗೆ ಬೇಕಿದ್ದ ಆಳವೇ 0.15! ಈ ಬಿಟ್‌ನಲ್ಲಿ ಆಳ 0.1 ತಪ್ಪಿದರೆ ಗೆರೆಯ ಅಗಲ 0.115ರಷ್ಟು ಬದಲಾಗುತ್ತದೆ. ಒಂದೇ ಪದದಲ್ಲಿ ಮೊದಲ ಅಕ್ಷರ ದಪ್ಪ, ಕೊನೆಯದು ಕೂದಲೆಳೆ.

ಹೈಟ್ ಮ್ಯಾಪ್ ನಾನೂ ತಿಂಗಳುಗಟ್ಟಲೆ ಮಾಡಿದೆ. ಬರಿಯ ಅಲ್ಯೂಮಿನಿಯಂ ಮೇಲೆ ಪರವಾಗಿಲ್ಲ. ಅಲ್ಲಿ ಬಿಟ್ ತಾನೇ ಪ್ರೋಬ್, ಅದು ಲೋಹ ಮುಟ್ಟಿ ಕರೆಂಟ್ ಹರಿದರೇ ಅಳತೆ. ಆನೋಡೈಸ್ ಆದ (ಮೇಲೆ ಗಟ್ಟಿ ಆಕ್ಸೈಡ್ ಬರಿಸಿದ) ಪದರದಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ಪ್ರೋಬ್ ಮುಟ್ಟಿದ್ದು ಗೊತ್ತಾಗದೆ ಬಿಟ್ ಹಾಗೇ ಇಳಿದು ತುದಿ ಮುರಿಯಿತು. ಮೇಲೆ ಫಾಯಿಲ್ ಅಂಟಿಸಿದೆ, ಅದರ ಸುಕ್ಕೂ ಮ್ಯಾಪ್‌ಗೆ ಸೇರಿಕೊಂಡಿತು. 60-70 ಬಿಂದು ಅಳೆಯಲು ಪ್ಯಾನಲ್ ಒಂದಕ್ಕೆ ಅರ್ಧ ಗಂಟೆ, ಅಷ್ಟಾದ ಮೇಲೂ ಸ್ಪಿಂಡಲ್ ಬಿಸಿಯಾಗುತ್ತಾ ಬಿಟ್ ತುಸು ಕೆಳಗಿಳಿದು ಅಳತೆಯೆಲ್ಲ ವ್ಯರ್ಥ. ಮುರಿದ ಬಿಟ್ ಒಂದು ಡಜನ್, ಎಸೆದ ಪ್ಯಾನಲ್ 25-30. ಮೆಷಿನ್‌ಗೆ ಕೊಟ್ಟ ಹಣದಲ್ಲಿ ಹತ್ತಿರಹತ್ತಿರ ಅರ್ಧ ಇದಕ್ಕೇ ಹೋಯಿತು.

ಆಮೇಲೆ ಅಳೆಯುವುದನ್ನೇ ಬಿಟ್ಟೆ. ಸ್ಪಿಂಡಲ್ ಕ್ಲಾಂಪನ್ನು ಸಣ್ಣ ಲೀನಿಯರ್ ರೈಲ್ (ನೇರ ಜಾರುಹಳಿ) ಮೇಲೆ ಕೂರಿಸಿ, ಮೇಲಿನಿಂದ ಸ್ಪ್ರಿಂಗ್ ಕೊಟ್ಟೆ. ಬಿಟ್ ಸುತ್ತ ಒಂದು ಮೂತಿ, ಅಂದರೆ ಪ್ಯಾನಲ್ ಮೇಲೆ ಕೂತು ಜಾರುವ ಬಳೆಯಂಥ ತುಂಡು. ಮೂತಿ ಪ್ಯಾನಲ್ ಮುಟ್ಟಿದ ಮೇಲೆ ಝಡ್ (ಮೆಷಿನ್‌ನ ಮೇಲೆ-ಕೆಳಗೆ ಚಲಿಸುವ ಭಾಗ) ಇನ್ನೂ 1 ಮಿ.ಮೀ. ಇಳಿಯುತ್ತದೆ, ಅಷ್ಟೂ ಸ್ಪ್ರಿಂಗ್ ನುಂಗುತ್ತದೆ. ಪ್ಯಾನಲ್ ಏರಲಿ ಇಳಿಯಲಿ, ಮೂತಿಯಿಂದ ಬಿಟ್ ಎಷ್ಟು ಹೊರಗಿದೆಯೋ ಅಷ್ಟೇ ಆಳ.

ಅಲುಗುತ್ತೆ ಅಂದವರ ಮಾತು ಪೂರ್ತಿ ಸುಳ್ಳಲ್ಲ. ಒಂದೇ ರೈಲ್ ಹಾಕಿದಾಗ 'ಠ'ದ ಸುತ್ತು ಒಂದಕ್ಕೊಂದು ಸೇರಲೇ ಇಲ್ಲ, ತುದಿಗಳು ಪಕ್ಕಪಕ್ಕ ನಿಂತವು. ಬಿಗಿಯಾದ ಬ್ಲಾಕ್ (ಹಳಿ ಮೇಲೆ ಜಾರುವ ತುಂಡು) ಇರುವ ಎರಡು ರೈಲ್ ಹಾಕಿದ ಮೇಲೆ ಸರಿಹೋಯಿತು.

ಮೂತಿಯೇ ಜಾಸ್ತಿ ಕಾಡಿದ್ದು. 3ಡಿ ಪ್ರಿಂಟ್ ಮಾಡಿದ ಮೊದಲನೆಯದು ಗೀರು ಎಳೆಯಿತು. ಹಿತ್ತಾಳೆಯದು ಇನ್ನೂ ಕೆಟ್ಟದಾಗಿ ಗೀರಿತು. ಅಸೆಟಲ್ (ನುಣುಪಾದ ಗಟ್ಟಿ ಪ್ಲಾಸ್ಟಿಕ್) ಕಡೆದು ಪಾಲಿಶ್ ಮಾಡಿದ ಮೂರನೆಯದು ನಿಂತಿತು. ಆದರೂ ಪದದ ಕೊನೆಯ ಅಕ್ಷರ ತೆಳ್ಳಗೆ ಬರುತ್ತಿತ್ತು. ಲೆನ್ಸ್ ಹಿಡಿದು ನೋಡಿದೆ. ಈಗಷ್ಟೇ ಕೆತ್ತಿದ ಗೆರೆಯ ಅಂಚಿನ ಬರ್ (ಎದ್ದು ನಿಂತ ಲೋಹದ ಏಣು) ಮೇಲೆ, ಉದುರಿದ ಪುಡಿಯ ಮೇಲೆ ಮೂತಿ ಹತ್ತಿ ಕೂತಿತ್ತು. ಪಕ್ಕದಲ್ಲಿ ತೂತು ಕೊರೆದು ವ್ಯಾಕ್ಯೂಮ್ ಪೈಪ್ ಸೇರಿಸಿ ಪುಡಿಯನ್ನು ಎಳೆಸಿದೆ. ಬರ್‌ಗೆ ಮೂತಿಯ ತಳವನ್ನು ಒಂದು ಆಕಾರಕ್ಕೆ ತಂದಿದ್ದೇನೆ. ಆ ಆಕಾರ ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕಾಲೆಟ್ (ಸ್ಪಿಂಡಲ್‌ನಲ್ಲಿ ಬಿಟ್ ಹಿಡಿಯುವ ಹಿಡಿಕೆ) ಬಿಗಿದಾಗ ಬಿಟ್ ಸ್ವಲ್ಪ ಮೇಲೆ ಸರಿಯುತ್ತದೆ, ಹಾಗಾಗಿ ಅಲ್ಲಿ ಆಳ ಹೊಂದಿಸಲು ಹೋಗಬೇಡಿ. ನನ್ನ ಮೂತಿಗೆ ಒಂದು ಸುತ್ತಿಗೆ 1 ಮಿ.ಮೀ. ಸರಿಯುವ ಥ್ರೆಡ್ ಇದೆ, ಅಂಚಿನಲ್ಲಿ 20 ಗೀಟು. ಒಂದು ಗೀಟು ತಿರುಗಿಸಿದರೆ 0.05. ಸ್ಪ್ರಿಂಗ್ ಒತ್ತಡ ತಕ್ಕಡಿ ಮೇಲೆ ನೋಡಿದರೆ 800 ಗ್ರಾಂ ಆಸುಪಾಸು. ಜಾಸ್ತಿ ಆದರೆ ಉಬ್ಬಿದ ಪ್ಯಾನಲ್ ಬಗ್ಗಿ ನಡುಗುತ್ತದೆ, ಕಡಿಮೆ ಆದರೆ ಬಿಟ್ ತಾನೇ ಮೂತಿಯನ್ನು ಎತ್ತುತ್ತದೆ.

ನಡುವೆ ಸುಮ್ನೆ ಡೈಮಂಡ್ ಡ್ರ್ಯಾಗ್ ಬಿಟ್ (ತಿರುಗದೆ ಗೀರುವ ವಜ್ರದ ಮೊನೆ) ಕೂಡ ನೋಡಿದೆ, ಸ್ಪಿಂಡಲ್ ಆಫ್ ಮಾಡಿ. ಆನೋಡೈಸ್ ಮೇಲೆ ಬೆಳ್ಳಿಯಂಥ ಗೆರೆ, ನನಗೆ ತುಂಬಾ ಇಷ್ಟವಾಯಿತು. ಆದರೆ ಬಣ್ಣ ತುಂಬುವಷ್ಟು ಆಳ ಸಿಗಲಿಲ್ಲ.

ಈಗ ಅಳತೆ ಮಾಡಿದರೆ ಪೂರ್ತಿ ಪ್ಯಾನಲ್‌ನಲ್ಲಿ ವ್ಯತ್ಯಾಸ 0.02 ಒಳಗೇ ಇದೆ. ಅಂಚಿನ ಹತ್ತಿರ ಕೆತ್ತುವುದಿದ್ದರೆ ಪಕ್ಕದಲ್ಲಿ ಅದೇ ದಪ್ಪದ ಪಟ್ಟಿ ಇಡಿ, ಇಲ್ಲದಿದ್ದರೆ ಮೂತಿ ಹೊರಗೆ ಜಾರುತ್ತದೆ. ಸ್ವಿಚ್ಚಿನ ತೂತುಗಳನ್ನು ಕೆತ್ತನೆ ಮುಗಿದ ಮೇಲೆ ಕೊರೆಯಿರಿ.