ಲಾಭ, ಎರಡು, ಮೂರು: ಸೇರು ಹಿಡಿದು ಮಾತು ತಂದ ನನ್ನ ಅನುಭವ

ಲಕ್ವಾ ಹೊಡೆದು ಮಾತು ನಿಂತವರಿಗೆ ನಾನು ಕಾಳು ಅಳೆಯುವ ಸೇರು ಹಿಡಿಸಿ ಚಿಕಿತ್ಸೆ ಕೊಡುತ್ತೇನೆ ಅಂತ ಗೊತ್ತಾದಾಗ ನನ್ನ ಜೊತೆ ಓದಿದವರೇ ತಲೆ ಅಲ್ಲಾಡಿಸಿದರು. ಒಬ್ಬ ಹಿರಿಯ ನರರೋಗ ತಜ್ಞರಂತೂ, "ವರ್ಷ ದಾಟಿದ ಕೇಸು, ಅವರ ಬಸ್ ಚಾರ್ಜು ಯಾಕೆ ಹಾಳು ಮಾಡಿಸ್ತೀರಿ" ಅಂದರು. ಗಂಗಾವತಿಯ ನನ್ನ ಕೋಣೆಗೆ ಈವರೆಗೆ ಈ ರೀತಿಯ ಚಿಕಿತ್ಸೆಗೆ ಬಂದವರು 14 ಮಂದಿ. ಅವರಲ್ಲಿ 9 ಮಂದಿ ನೀರು, ಊಟ, ನೋವು, ಬೇಡ ಎಂಬಷ್ಟನ್ನಾದರೂ ಈಗ ತಾವೇ ಬಾಯಿಬಿಟ್ಟು ಹೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ತಿಳಿದರೂ ಮಾತು ಹೊರಡದ್ದು ಬ್ರೋಕಾ, ಮಾತು ಹರಿದರೂ ತಿಳಿವಳಿಕೆ ಕೆಟ್ಟದ್ದು ವರ್ನಿಕೆ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ. ಓದುವವರು ಬಹಳಷ್ಟು ನನ್ನ ಹಾಗೆ ಮಾತಿನ ಚಿಕಿತ್ಸೆಯ ಕಸುಬಿನವರೇ.

ಮೊದಲು ಸೋತ ಕಥೆ. 1973ರಲ್ಲಿ ಬಾಸ್ಟನ್ನಿನಲ್ಲಿ ಆಲ್ಬರ್ಟ್, ಸ್ಪಾರ್ಕ್ಸ್, ಹೆಲ್ಮ್ ಮೂವರು ಹೊರತಂದ ಹಾಡುಮಾತಿನ ಕ್ರಮವನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಎರಡು ಸ್ವರ, ಒಂದು ಎತ್ತರ, ಒಂದು ತಗ್ಗು. ಅಕ್ಷರಕ್ಕೊಮ್ಮೆ ಎಡಗೈ ತಟ್ಟು. ನಾನು ಎರಡೂವರೆ ವರ್ಷ ಅದನ್ನೇ ಮಾಡಿದೆ, ಆರೇಳು ಜನರ ಮೇಲೆ. ಇಂಗ್ಲಿಷಿನ ಪದದಲ್ಲಿ ಒಂದು ಕಡೆ ಒತ್ತು ಬೀಳುತ್ತದೆ, ಎತ್ತರದ ಸ್ವರ ಅಲ್ಲಿ ಕೂರುತ್ತದೆ. 'ನೀರು' ಎಂಬುದರಲ್ಲಿ ಎತ್ತರ ಎಲ್ಲಿ ಕೂರಿಸುವುದು? ನಾನು 'ನೀ'ಯನ್ನು ಎತ್ತರಿಸಿದರೆ ಅದು ಮಗುವನ್ನು ಕರೆದ ಹಾಗೆ ಕೇಳಿಸುತ್ತಿತ್ತು. ಅಕ್ಷರಕ್ಕೊಂದು ತಟ್ಟು ಹಾಕಿದರೆ 'ನೀ'ಗೂ 'ರು'ಗೂ ಒಂದೇ ಅಳತೆಯಾಗಿ ದೀರ್ಘವೇ ಸತ್ತುಹೋಗುತ್ತಿತ್ತು. ರೋಗಿಗಳು ನನ್ನ ಮುಖ ನೋಡುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ.

ಆಮೇಲೆ ದುಡ್ಡು ಸುರಿದೆ. ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿ ಹೆಸರು ಹೇಳಿಸುವ ಒಂದು ಪ್ರೋಗ್ರಾಂ, ಜೊತೆಗೆ ಕಾರ್ಡುಗಳ ಪೆಟ್ಟಿಗೆ, ಎಲ್ಲ ಸೇರಿ 38 ಸಾವಿರದ ಹತ್ತಿರ. ಅದರಲ್ಲಿ ಪಿಯಾನೊ ಇತ್ತು, ಸ್ಟ್ರಾಬೆರಿ ಇತ್ತು. ಬುತ್ತಿ ಇರಲಿಲ್ಲ, ಬಾರಕೋಲು ಇರಲಿಲ್ಲ. ಕೋಣೆ ಬಾಡಿಗೆ ತಿಂಗಳಿಗೆ 6,500, ನನ್ನ ಫೀಸು ಒಂದು ಕೂರಾಟಕ್ಕೆ 250. ಆ ವರ್ಷ ನನ್ನ ಅವ್ವನ ಬಳೆ ಅಡವಿಟ್ಟೆ.

ಅಷ್ಟರಲ್ಲಿ ತಾವರಗೇರಾ ಕಡೆಯಿಂದ ಒಬ್ಬರು ಬಂದರು. ಜೋಳದ ವ್ಯಾಪಾರಿ, 62 ವರ್ಷ. ಎಡ ಮಿದುಳಿನಲ್ಲಿ ರಕ್ತನಾಳ ಕಟ್ಟಿ ಮುಂಭಾಗದ ಕೆಳಗೂ, ಚಲನೆ ಮತ್ತು ಲಯ ನಡೆಸುವ ಒಳಗಿನ ನರಗಂಟುಗಳಾದ ಬೇಸಲ್ ಗ್ಯಾಂಗ್ಲಿಯಾಕ್ಕೂ ಪೆಟ್ಟು. ಬಲಗೈ ಬಲಗಾಲು ಬಿದ್ದಿದ್ದವು. ಹೇಳಿದ್ದೆಲ್ಲ ತಿಳಿಯುತ್ತಿತ್ತು, ಬಾಯಿಂದ ಬರುತ್ತಿದ್ದುದು ಒಂದೇ: "ಬಂತ, ಬಂತ." ಹಸಿವಿಗೂ ಅದೇ, ಸಿಟ್ಟಿಗೂ ಅದೇ. 1861ರಲ್ಲಿ ಫ್ರಾನ್ಸಿನ ವೈದ್ಯ ಬ್ರೋಕಾ ನೋಡಿದ ರೋಗಿ 'ಟಾನ್' ಅನ್ನುವುದನ್ನೇ ಅನ್ನುತ್ತಿದ್ದನಲ್ಲ, ಆ ಥರ. ಲಕ್ವಾ ಹೊಡೆದು ಹದಿಮೂರು ತಿಂಗಳಾಗಿತ್ತು. ಆಸ್ಪತ್ರೆಗೆ, ಎಣ್ಣೆ ತಿಕ್ಕುವವರಿಗೆ ಅಂತ ಮನೆಯವರು ಎರಡು ಲಕ್ಷದ ಹತ್ತಿರ ಕಳೆದುಕೊಂಡಿದ್ದರು. ಕನಕಗಿರಿ ಹಾದು ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬರುತ್ತಿದ್ದರು, ಹೆಂಡತಿ ತೋಳು ಹಿಡಿದುಕೊಂಡು.

ನಾನು ಮೊದಲು ಹಿಡಿದದ್ದು ಹಂತಿ ಪದ. ಕಣದಲ್ಲಿ ರಾತ್ರಿ ಎತ್ತು ತಿರುಗಿಸುತ್ತ ಹೇಳುವ ಪದ ಇವರಿಗೆ ಬರುತ್ತಿತ್ತು ಎಂದು ಮಗ ಹೇಳಿದ. ನಾನು ಮೊದಲ ಸೊಲ್ಲು ಎತ್ತಿದ್ದೇ ತಡ, ಮನುಷ್ಯ ಇಡೀ ಪದ ಹೇಳಿಬಿಟ್ಟರು, ಒಂದಕ್ಷರ ತಪ್ಪದೆ! ಹೆಂಡತಿ ಸೆರಗು ಬಾಯಿಗಿಟ್ಟು ಅತ್ತರು. ನಾನೂ ಗೆದ್ದೆ ಅಂದುಕೊಂಡೆ. ಎರಡು ತಿಂಗಳು ಹಾಡಿಸಿದೆ. ಪದ ಮುಗಿದ ಮೇಲೆ "ಏನು ಬೇಕು ಕಾಕಾ?" ಅಂದರೆ, "ಬಂತ." ಹಾಡು ಹಾಡಾಗಿಯೇ ಉಳಿಯಿತು. ನಡುವಿನಿಂದ ಒಂದು ಮಾತು ಕಿತ್ತು ಕೊಡಿ ಅಂದರೆ ಕೊಡುವುದಿಲ್ಲ. ಬಾಯಿಪಾಠದ ಮಾತಿಗೂ ಕಟ್ಟಿ ಆಡುವ ಮಾತಿಗೂ ಮಿದುಳಿನಲ್ಲಿ ದಾರಿ ಬೇರೆ ಅಂತ ಇಂಗ್ಲೆಂಡಿನ ನರರೋಗ ತಜ್ಞ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ಕಂಡುಕೊಂಡಿದ್ದ. ಓದಿದ್ದೆ. ಅದು ನಿಜಕ್ಕೂ ಅರ್ಥವಾದದ್ದು ಆ ಎರಡು ತಿಂಗಳಲ್ಲಿ.

ದುಡ್ಡು ಕೊಡಲಾಗದೆ ಒಂದು ದಿನ ಆ ತಾಯಿ ಜೋಳದ ಚೀಲ ತಂದರು. "ಎಂಟು ಸೇರು ಅಳದು ಕೊಡ್ತೀನ್ರಿ ಮೇಡಂ" ಅಂತ ತಮ್ಮ ಸೇರು ತೆಗೆದು ನನ್ನ ಬುಟ್ಟಿಗೆ ಸುರಿಯುತ್ತ "ಒಂದು" ಅಂದರು. ಕಾಕಾರ ಮುಖ ಕೆಂಪಾಯಿತು. ಎಡಗೈಯಿಂದ ಸೇರು ಕಿತ್ತುಕೊಂಡರು. ಸುರಿದದ್ದನ್ನು ಚೀಲಕ್ಕೆ ವಾಪಸು ಹಾಕಿಸಿ, ತಾವೇ ತುಂಬಿ ಸುರಿದು, ಸ್ಪಷ್ಟವಾಗಿ ಅಂದರು: "ಲಾಭ." ಆಮೇಲೆ "ಎರಡು", "ಮೂರು", "ನಾಕು"... ಎಂಟರವರೆಗೆ ನಿಲ್ಲಲಿಲ್ಲ. ಕಾಳು ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಜೀವಮಾನದ ವ್ಯಾಪಾರಿಗೆ ಆ ತಪ್ಪು ಸಹಿಸಲಾಗಲಿಲ್ಲ. ಇನ್ನೊಂದು ಸೇರು ಹಾಕಿ ಅಂದೆ. ಸುರಿದರು, ಬಾಯಿ ತಡವರಿಸಿ, "ಬಂತ, ಬಂತ."

ಅಲ್ಲಿಯವರೆಗೆ ನಾನೇ ಅವರಿಂದ ಒಂದು, ಎರಡು ಅಂತ ಎಣಿಕೆ ಹೇಳಿಸಲು ಹತ್ತು ಸಲ ನೋಡಿದ್ದೆ, ಒಂದೂ ಬಂದಿರಲಿಲ್ಲ. ಎಂಟರವರೆಗೆ ಹರಿದದ್ದು ಒಂಬತ್ತಕ್ಕೆ ಯಾಕೆ ನಿಂತಿತು ಅಂತ ಆ ರಾತ್ರಿ ನಿದ್ದೆ ಬರಲಿಲ್ಲ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ನೆನಪಾಗಿ ಎದ್ದು ಕೂತು ಬರೆದೆ. ಲಾಭ: ಗುರು ಲಘು, ಮೂರು ಮಾತ್ರೆ. ಎರಡು: ಮೂರು ಲಘು, ಮೂರು ಮಾತ್ರೆ. ಮೂರು, ನಾಕು, ಐದು, ಆರು, ಏಳು, ಎಂಟು, ಹತ್ತು, ಎಲ್ಲವೂ ಮೂರೇ ಮಾತ್ರೆ! ಒಂಬತ್ತು ಒಂದೇ ಐದು ಮಾತ್ರೆ. ಕೈ ಸುರಿಯುವ ಲಯಕ್ಕೆ ಅದು ಹೊಂದುವುದಿಲ್ಲ. ಕನ್ನಡದ ಎಣಿಕೆಗೇ ಒಂದು ನಡಿಗೆ ಇದೆ, ನಮ್ಮ ದಿನದ ಮಾತುಗಳೂ ಬಹಳಷ್ಟು ಅದೇ ನಡಿಗೆಯವು. ನೀರು, ಊಟ, ಬೇಕು, ಬೇಡ, ನೋವು, ಅವ್ವ, ಅಪ್ಪ, ನನಗ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ನಾನೇ ಕಂಡುಕೊಂಡದ್ದು ಅಂತ ಹೆಮ್ಮೆಯಿಂದ ಹೇಳುತ್ತೇನೆ.

ಜರ್ಮನಿಯ ಸಂಶೋಧಕರು 2011ರಲ್ಲಿ 17 ರೋಗಿಗಳ ಮೇಲೆ ಮಾಡಿದ ಕೆಲಸದಲ್ಲೂ ಹಾಡಿನ ರಾಗಕ್ಕಿಂತ ಲಯವೇ ಮುಖ್ಯ ಅಂತ ಬಂದಿತ್ತು. ಬೇಸಲ್ ಗ್ಯಾಂಗ್ಲಿಯಾಕ್ಕೆ ಪೆಟ್ಟಾದವರಿಗೆ ಅದು ಇನ್ನೂ ಮುಖ್ಯ. ಬಾಯಿಗೆ ರೂಢಿಯಾದ ಮಾತಿನ ಬಲವೂ ಅಲ್ಲಿ ಕಂಡಿತ್ತು. ನನ್ನ ಕಾಕಾರಿಗೆ ಮೂರೂ ಕೂಡಿ ಬಂದವು.

ಹಳೇ ಸಾಮಾನಿನ ಅಂಗಡಿಯಲ್ಲಿ 220 ರೂಪಾಯಿ ಕೊಟ್ಟು ಒಂದು ಕಬ್ಬಿಣದ ಸೇರು ತಂದೆ. ಮೂರು ವಾರ ಬರೀ ಅಳೆಯುವುದು, ಲಾಭದಿಂದ ಎಂಟರವರೆಗೆ. ಜೊತೆಗೆ ನಾನೂ ಅನ್ನುತ್ತ ಮೆಲ್ಲಗೆ ದನಿ ಹಿಂದೆ ತೆಗೆದೆ. ಒಂದು ಸುರಿತಕ್ಕೆ ಒಂದೂವರೆ ಸೆಕೆಂಡಿನ ಆಸುಪಾಸು. ಅವಸರ ಮಾಡಿದರೆ ಕೆಟ್ಟಿತು. ತಟ್ಟು ಅಕ್ಷರಕ್ಕಲ್ಲ, ಪದಕ್ಕೊಂದು ಸುರಿತ. ನಾಲ್ಕನೇ ವಾರ ಮುಂದೆ ನೀರಿನ ಲೋಟ ಇಟ್ಟೆ. ಲಾಭ, ಎರಡು, ಮೂರನೇ ಸುರಿತಕ್ಕೆ 'ನೀರು' ಅನ್ನಬೇಕು. ಹತ್ತು ದಿನ ಬರೀ 'ಮೂರು' ಬಂತು, ಇಲ್ಲವೇ 'ಬಂತ' ಬಂತು. ಆ 'ಬಂತ'ವೂ ಮೂರು ಮಾತ್ರೆಯದೇ, ಆ ಜಾಗಕ್ಕೆ ಸಲೀಸಾಗಿ ನುಗ್ಗುತ್ತಿತ್ತು. ಅದನ್ನು ಹೊರಗೆ ಹಾಕಲು ನಾನು ಮಾಡಿದ ಉಪಾಯ ಇಲ್ಲಿ ಬರೆಯುವುದಿಲ್ಲ. ಬರೆದರೆ ತಪ್ಪಾಗಿ ಮಾಡುತ್ತಾರೆ, ರೋಗಿ ಇರುವ ಒಂದು ಮಾತನ್ನೂ ಕಳೆದುಕೊಳ್ಳುತ್ತಾನೆ. ಕೋಣೆಗೆ ಬಂದು ಕೂತವರಿಗೆ ತೋರಿಸಿದ್ದೇನೆ. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ, "ಲಾಭ, ಎರಡು, ನೀ...ರು."

ಆಮೇಲೆ "ಲಾಭ, ನೀರು, ಬೇಕು." ಆಮೇಲೆ ಲಾಭಕ್ಕೆ ಬರೀ ಸುರಿತ, ಬಾಯಿ ಸುಮ್ಮನೆ. ಆಮೇಲೆ ಖಾಲಿ ಸೇರು. ಕೊನೆಗೆ ಮೊಣಕಾಲ ಮೇಲೆ ಎಡಗೈ. ಇಷ್ಟಕ್ಕೆ ಐದು ತಿಂಗಳು ಹಿಡಿಯಿತು. ಖಾಲಿ ಸೇರಿಗೆ ಬಂದಾಗ ಎರಡು ವಾರ ಎಲ್ಲ ಹೋಗಿಯೇಬಿಟ್ಟಿತ್ತು. ಕಾಳಿನ ಸದ್ದು ಇಲ್ಲದ್ದಕ್ಕೆ ಅಂತ ತಿಳಿಯಲು ನನಗೆ ತಡವಾಯಿತು. ಈಗ ಸೇರಿನಲ್ಲಿ ಒಂದು ಹಿಡಿ ಬಿಟ್ಟು, ದಿನಕ್ಕಿಷ್ಟು ಕಡಿಮೆ ಮಾಡುತ್ತೇನೆ.

ಕ್ರಿಯಾಪದ ತರುವಾಗ 'ಕೊಡು' ಬರಲೇ ಇಲ್ಲ. ಎರಡೇ ಮಾತ್ರೆ, ಕೈ ಮುಗಿಯುವ ಮೊದಲೇ ಬಾಯಿ ಮುಗಿಯುತ್ತದೆ. 'ಕೊಡ್ರಿ' ಅಂದೆ, ಅದೇ ದಿನ ಬಂತು. ಮನೆಗೆ ಹೋಗಿ ಹೆಂಡತಿಗೂ "ನೀರು ಕೊಡ್ರಿ" ಅಂದರಂತೆ. "ನಲವತ್ತು ವರ್ಷದಾಗ ನನಗ ರೀ ಅಂದಿದ್ದಿಲ್ರಿ ಮೇಡಂ" ಅಂತ ಆ ತಾಯಿ ನಗುತ್ತ ಹೇಳಿದರು, ಕಣ್ಣು ಮಾತ್ರ ಒದ್ದೆಯಾಗಿದ್ದವು. ಮೊಮ್ಮಗನ ಹೆಸರು ಐದು ಮಾತ್ರೆಯದು, ಆಗಲಿಲ್ಲ. 'ತಮ್ಮ' ಅಂತ ಕರೆಯಲು ಕಲಿಸಿದೆ. ಹುಡುಗ ಓಡಿ ಬರುತ್ತಾನೆ, ಅಷ್ಟು ಸಾಕು.

ಹನ್ನೊಂದು ತಿಂಗಳಿಗೆ ಮಾತಿನ ನಷ್ಟ ಎಷ್ಟು ಅಂತ ಅಳೆಯುವ ಡಬ್ಲ್ಯೂಎಬಿ ಪರೀಕ್ಷೆಯನ್ನು ಕನ್ನಡದಲ್ಲಿ ಹಾಕಿದಾಗ ನೂರಕ್ಕೆ ಅವರ ಸೂಚ್ಯಂಕ 20ರ ಹತ್ತಿರದಿಂದ 50ರ ಮೇಲೆ ಬಂದಿತ್ತು. ಬಸ್ ಚಾರ್ಜಿನ ಮಾತಾಡಿದ್ದ ತಜ್ಞರಿಗೆ ವಿಡಿಯೊ ಕಳಿಸಿದೆ. ಆಮೇಲೆ ಅವರೇ ಇಬ್ಬರನ್ನು ನನ್ನ ಕಡೆ ಕಳಿಸಿದ್ದಾರೆ. ಆ ಕುಟುಂಬದಿಂದ ನನಗೆ ಬಂದದ್ದು ಒಟ್ಟು ಹನ್ನೆರಡು ಸಾವಿರದ ಒಳಗೆ, ಜೊತೆಗೆ ವರ್ಷದ ಜೋಳ. ಬಳೆ ಬಿಡಿಸಿದ್ದು ಆಮೇಲೆ ಬಂದ ಇತರರ ಫೀಸಿನಿಂದ.

ಒಂಬತ್ತನ್ನೂ ಕೊನೆಗೆ ಹೇಳಿಸಿದೆ. ಹೇಗೆ ಎಂಬುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಬದಿಯ ಪ್ರಯೋಗಗಳೂ ಆದವು. ಸೇರಿನ ಬದಲು ಮೊಬೈಲಿನಲ್ಲಿ ಟಿಕ್ ಟಿಕ್ ತಾಳ ಹಾಕುವ ಮೆಟ್ರೊನೋಮ್ ಇಟ್ಟು ನೋಡಿದೆ, ನಾಲ್ವರಲ್ಲಿ ಒಬ್ಬರಿಗೂ ಹತ್ತಲಿಲ್ಲ. ಕೈಗೆ ಭಾರ ಬೇಕು, ಸುರಿಯುವ ಕೆಲಸ ಬೇಕು. ವರ್ನಿಕೆಯ ಒಬ್ಬರಿಗೆ ಸೇರು ಕೊಟ್ಟೆ, ಅದು ನನ್ನ ತಪ್ಪು. ಅವರು ಎಣಿಸುತ್ತಲೇ ಹೋದರು, ನಿಲ್ಲಿಸಲಾಗಲಿಲ್ಲ, ಮನೆಯವರು ಬೇಜಾರಾದರು. ತಿಳಿವಳಿಕೆ ಚೆನ್ನಾಗಿದ್ದು ಬಾಯಿ ಮಾತ್ರ ಕಟ್ಟಿದವರಿಗೆ ಮಾತ್ರ ಇದು. ಕಾಳು ಅಳೆದು ಗೊತ್ತಿಲ್ಲದ ಒಬ್ಬ ಮಾಸ್ತರರಿಗೆ ಲಾಭ ಹತ್ತಲಿಲ್ಲ. ಅವರಿಗೆ ಹಾಜರಿ ಪುಸ್ತಕ ಕೊಟ್ಟು ಒಂದರಿಂದಲೇ ಕರೆಸಿದೆ, ಕೆಲಸ ಆಯಿತು.

ತೆಲುಗಿನಲ್ಲಿ ಮಾತ್ರ ನಾನಿನ್ನೂ ಒದ್ದಾಡುತ್ತಿದ್ದೇನೆ. ಇಲ್ಲೇ ಆಂಧ್ರದ ಕಡೆಯಿಂದ ಬಂದ ರೈತರು ನೆಲೆಸಿದ ಒಂದು ಕ್ಯಾಂಪಿನ ತಾಯಿ ಬರುತ್ತಾರೆ, ಮನೆಮಾತು ತೆಲುಗು. ಒಕಟಿ, ರೆಂಡು, ಮೂಡು ಸರಿಯಾಗಿ ಮೂರು ಮಾತ್ರೆಗೆ ನಡೆಯುತ್ತವೆ. ನಾಲುಗು ನಾಲ್ಕು ಮಾತ್ರೆ, ಎನಿಮಿದಿ, ತೊಮ್ಮಿದಿ ನಾಲ್ಕು, ಪದಿ ಎರಡೇ. ನಾಲ್ಕನೇ ಸುರಿತಕ್ಕೇ ಮುಗ್ಗರಿಸಿ ಅಳುತ್ತಿದ್ದರು. ಈಗ ಎಣಿಕೆ ಮೂಡಿಗೇ ನಿಲ್ಲಿಸಿ ಮತ್ತೆ ಒಕಟಿಯಿಂದ ತಿರುಗಿಸುತ್ತಿದ್ದೇನೆ. ಕೈಯಲ್ಲಿ ಸೇರಿಲ್ಲ, ಭತ್ತದ ಸಸಿಯ ಕಟ್ಟು. ಆಕೆ ಮೂವತ್ತು ವರ್ಷ ನಾಟಿ ಮಾಡಿದವರು. ಎರಡು ವಾರವಾಯಿತು, ಈ ಸೋಮವಾರ ಮೂಡಿನ ಜಾಗಕ್ಕೆ ತೆಲುಗಿನ 'ನೀರು' ಬಂದಿದೆ: "ನೀಳ್ಳು."